ಬೋರಿಗೆ ಗಾಳಿ, ಎಣ್ಣೆಬಾವಿಗೆ ಸಾರಜನಕ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನೆಲದಡಿ ಕಚ್ಚಾ ತೈಲವಿಲ್ಲ, ಮುಂದೆ ಸಿಕ್ಕೀತೆಂಬ ಆಸೆಯೂ ಇಲ್ಲ. ಈ ಜಿಲ್ಲೆಗಳಿರುವ ಕೊಂಗುನಾಡಿನ ಬುಡವೆಲ್ಲ ನೈಸ್, ಚಾರ್ನೊಕೈಟ್, ಗ್ರಾನೈಟ್‌ನಂಥ ಗಟ್ಟಿ ಬಂಡೆ. ಎಣ್ಣೆ ಹುಟ್ಟಬೇಕಾದರೆ ಹಳೆಯ ಕಡಲಿನ ಕೆಸರು ಬೇಕು, ಅದರಲ್ಲಿ ಸತ್ತು ಹೂತುಹೋದ ಸೂಕ್ಷ್ಮಜೀವಿಗಳು ಬೇಕು, ಕೋಟಿಗಟ್ಟಲೆ ವರ್ಷ ಮೇಲಿನಿಂದ ಒತ್ತುವ ಭಾರ ಬೇಕು. ತಮಿಳುನಾಡಿನಲ್ಲಿ ಅಂಥ ನೆಲವಿರುವುದು ಪೂರ್ವದಲ್ಲಿ, ಕಾವೇರಿ ಕಡಲು ಸೇರುವ ಬಯಲಿನಲ್ಲಿ. ನರಿಮಣಂ ಸುತ್ತಮುತ್ತ ಒಎನ್‌ಜಿಸಿಯ ಬಾವಿಗಳಿವೆ. ಕೊಯಮತ್ತೂರಿಗೆ ಬರುವುದು ಕೊಚ್ಚಿಯಲ್ಲಿ ಶುದ್ಧವಾದ ಪೆಟ್ರೋಲು, ಡೀಸೆಲ್ಲು ಮಾತ್ರ. ಅದು ಕೊಳವೆಯಲ್ಲಿ ಹರಿದು ಇರುಗೂರಿನ ಡಿಪೊ ಸೇರುತ್ತದೆ. ಅಲ್ಲಿಂದ ಬೆಂಗಳೂರಿನ ಹತ್ತಿರದ ದೇವನಗೊಂದಿಗೆ ಇನ್ನೊಂದು ಕೊಳವೆ ಎಳೆಯುವ ಯೋಜನೆ ಬಂದಾಗ, ಹೊಲದಲ್ಲಿ ಬೇಡ, ಹೆದ್ದಾರಿಯ ಬದಿಗೆ ಹಾಕಿ ಎಂದು ಈ ಕಡೆಯ ರೈತರು ಪಟ್ಟು ಹಿಡಿದರು. ಎಣ್ಣೆಯೊಂದಿಗೆ ಈ ಸೀಮೆಗೆ ನೇರವಾಗಿ ಇರುವ ನಂಟು ಇಷ್ಟೇ.

ಆದರೂ ನೆಲದಡಿಗೆ ಅನಿಲ ನುಗ್ಗಿಸಿ ಎಣ್ಣೆ ಎತ್ತುವ ವಿದ್ಯೆಯನ್ನು ತಿಳಿಯಲು ಇದೇ ಸೀಮೆಯ ಪಲ್ಲಡಂ, ಅವಿನಾಶಿ, ಸೂಲೂರು ಕಡೆಯ ತೋಟಗಳಿಂದ ಶುರುಮಾಡುವುದೇ ಸಲೀಸು. ಅಲ್ಲಿ ಅನೇಕ ಬೋರ್‌ವೆಲ್‌ಗಳಲ್ಲಿ ಮೋಟಾರನ್ನು ಒಳಗೆ ಇಳಿಬಿಟ್ಟಿರುವುದಿಲ್ಲ. ಮೋಟಾರೂ ಕಂಪ್ರೆಸರೂ ಮೇಲೆ ಶೆಡ್ಡಿನಲ್ಲಿ ಕೂತಿರುತ್ತವೆ. ಒಂದು ಸಣ್ಣ ಪೈಪು ಗಾಳಿಯನ್ನು ಕೆಳಕ್ಕೆ ಒಯ್ಯುತ್ತದೆ, ಇನ್ನೊಂದು ದಪ್ಪ ಪೈಪು ನೀರನ್ನು ಮೇಲಕ್ಕೆ ತರುತ್ತದೆ. ನೀರು ಒಂದೇ ಸಮ ಸುರಿಯುವುದಿಲ್ಲ. ಬುಸ್ಸೆಂದು ಗಾಳಿ, ಹಿಂದೆಯೇ ಒಂದಷ್ಟು ನೀರು, ಮತ್ತೆ ಗಾಳಿ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಈ ಕಂಪ್ರೆಸರ್ ಹೊಸದಲ್ಲ. ಇನ್ನು ಬೋರ್ ಕೊರೆಯುವ ಟಿಎನ್ 34 ನಂಬರಿನ ತಿರುಚೆಂಗೋಡಿನ ಲಾರಿಗಳನ್ನು ನೋಡದ ಊರು ಕರ್ನಾಟಕದಲ್ಲಿ ಹುಡುಕಿದರೂ ಸಿಗದು.

ಕಂಪ್ರೆಸರ್ ನೀರೆತ್ತುವ ಬಗೆ ಹೀಗೆ. ಹತ್ತು ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಹಾಕುತ್ತದೆ. ಗಾಳಿಯ ಪೈಪು 60 ಮೀಟರ್ ನೀರಿನಡಿ ಮುಳುಗಿದ್ದರೆ ಅದನ್ನು ತಳ್ಳಿಕೊಂಡು ಹೊರಬರಲು ಗಾಳಿಗೆ ಆರು ಕಿಲೋಗಿಂತ ಹೆಚ್ಚಿನ ಒತ್ತಡವಿರಬೇಕು. ಹೊರಬಂದ ಗಾಳಿ ಗುಳ್ಳೆಯಾಗಿ ನೀರಿನ ಪೈಪಿನೊಳಗೆ ಬೆರೆಯುತ್ತದೆ. ಗುಳ್ಳೆ ಬೆರೆತ ನೀರು ಹಗುರ. ಸುತ್ತಲಿನ ಬೋರಿನ ನೀರು ಭಾರ. ಭಾರದ ನೀರು ಹಗುರವಾದದ್ದನ್ನು ಮೇಲಕ್ಕೆ ನೂಕುತ್ತದೆ. ಕೊಳವೆಯೊಳಗೆ ತಿರುಗುವ ಭಾಗ ಒಂದೂ ಇಲ್ಲದ ಕಾರಣ ಮರಳು ಬಂದರೂ, ನೀರು ಕಡಿಮೆಯಾದರೂ, ಬೋರು ಸೊಟ್ಟಗಿದ್ದರೂ ಸುಟ್ಟುಹೋಗುವಂಥದ್ದು ಕೆಳಗೆ ಏನೂ ಇರುವುದಿಲ್ಲ. ಕಂಪ್ರೆಸರಿನ ಗುಣ ಇದು. ದೋಷವೆಂದರೆ ಕರೆಂಟು ವಿಪರೀತ ತಿನ್ನುತ್ತದೆ. ಗಾಳಿಯನ್ನು ಹಿಂಡುವಾಗ ಬಹುಪಾಲು ಶಕ್ತಿ ಬಿಸಿಯಾಗಿ ಹೊರಟುಹೋಗುತ್ತದೆ. ತಮಿಳುನಾಡಿನಲ್ಲಿ 1990ರ ಸುಮಾರಿನಿಂದ ಕೃಷಿ ಪಂಪುಗಳಿಗೆ ಕರೆಂಟು ಪುಕ್ಕಟೆಯಾದದ್ದರಿಂದ ಈ ದೋಷ ರೈತನ ಜೇಬಿಗೆ ತಟ್ಟಲಿಲ್ಲ. ಗಾಳಿ ಬಿಟ್ಟಿ, ಒತ್ತಡ ಬಿಟ್ಟಿಯಲ್ಲ ಎಂಬ ಈ ಲೆಕ್ಕವನ್ನು ನೆನಪಿಡಬೇಕು. ತೈಲದ ಕತೆಯೂ ಇದರ ಮೇಲೆಯೇ ನಿಂತಿದೆ.

ಯಂತ್ರಗಳ ವಿಷಯಕ್ಕೆ ಬಂದರೆ ಕೊಯಮತ್ತೂರು ಕಂಪ್ರೆಸರಿಗೆ ತಕ್ಕ ಊರೇ. 1932ರಲ್ಲಿ ನೀಲಗಿರಿಯ ಪೈಕಾರ ಜಲವಿದ್ಯುತ್ ಬಂದಮೇಲೆ ಗಿರಣಿಗಳೂ ನೀರಾವರಿ ಪಂಪುಗಳೂ ಹಬ್ಬಿದವು. ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು 1937ರಲ್ಲಿ ಇಲ್ಲೇ ದೇಶೀ ವಿದ್ಯುತ್ ಮೋಟಾರು ತಯಾರಿಸಿದರು. 1960ರಲ್ಲಿ ಶುರುವಾದ ಎಲ್ಜಿ ಈಕ್ವಿಪ್‌ಮೆಂಟ್ಸ್, ಕೊರಿಯದ ಟಿವಿ ಕಂಪನಿಯಲ್ಲ, ಈ ಊರಿನದೇ, ಇವತ್ತು ಜಗತ್ತಿನ ಹಲವು ದೇಶಗಳಿಗೆ ಏರ್ ಕಂಪ್ರೆಸರ್ ಮಾರುತ್ತದೆ.

ಈಗ ಎಣ್ಣೆಬಾವಿಗೆ ಬರೋಣ. ನೆಲದಡಿಯ ಎಣ್ಣೆ ಕೆರೆಯಂತೆ ನಿಂತಿರುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಅದು ಮರಳುಗಲ್ಲು, ಸುಣ್ಣಕಲ್ಲುಗಳ ಸಣ್ಣ ರಂಧ್ರಗಳಲ್ಲೂ ಬಿರುಕುಗಳಲ್ಲೂ ಅಂಟಿಕೊಂಡಿರುತ್ತದೆ. ಜೊತೆಗೆ ಅನಿಲವೂ ಕರಗಿರುತ್ತದೆ. ಹೊಸ ಬಾವಿ ಕೊರೆದಾಗ ಎಣ್ಣೆ ತಾನಾಗಿ ಚಿಮ್ಮುವುದು ಗೋಲಿ ಸೋಡಾದ ಗೋಲಿ ಒತ್ತಿದಾಗ ನೊರೆ ಉಕ್ಕುವ ಹಾಗೆಯೇ. ಒತ್ತಡ ಇಳಿದಂತೆ ಕರಗಿದ್ದ ಅನಿಲ ಬಿಟ್ಟುಕೊಂಡು ಎಣ್ಣೆಯನ್ನು ತಳ್ಳುತ್ತದೆ. ಅನಿಲ ಖಾಲಿಯಾದ ಮೇಲೆ ತಳ್ಳುವವರು ಯಾರೂ ಇಲ್ಲ. ಎಣ್ಣೆ ಮಾತ್ರ ಬಂಡೆಯಲ್ಲೇ ಇರುತ್ತದೆ. ನೀರು ತುಂಬಿಸಿ ತಳ್ಳಿದರೂ ಸಾಮಾನ್ಯ ನಿಕ್ಷೇಪದಲ್ಲಿ ಮೂರನೆಯ ಒಂದು ಪಾಲು ಬಂದರೆ ಹೆಚ್ಚು, ಉಳಿದದ್ದು ಅಲ್ಲೇ.

ಇಲ್ಲಿ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ನೋಡಬೇಕು. ಬಾವಿಯ ಬುಡದವರೆಗೆ ಬಂದ ಎಣ್ಣೆಯನ್ನು ಮೇಲಕ್ಕೆ ಎತ್ತುವುದು ಒಂದು. ಪಲ್ಲಡಂ ಕಂಪ್ರೆಸರ್ ಮಾಡುವುದು ಇದನ್ನೇ. ಮುಂಬಯಿ ಹೈ ಕಡಲಬಾವಿಗಳಲ್ಲೂ ಇದೇ ತತ್ತ್ವ, ಗಾಳಿಯ ಬದಲು ನೈಸರ್ಗಿಕ ಅನಿಲ ಅಷ್ಟೆ. ಇನ್ನೊಂದು, ದೂರದ ಬಂಡೆಯ ರಂಧ್ರದಲ್ಲಿರುವ ಎಣ್ಣೆಯನ್ನು ಬಾವಿಯ ಬುಡಕ್ಕೆ ತಳ್ಳಿ ತರುವುದು. ಸಾರಜನಕದ ದೊಡ್ಡ ಕೆಲಸ ಈ ಎರಡನೆಯದು. ಬೋರಿನ ಕಂಪ್ರೆಸರ್ ಇದನ್ನು ಮಾಡಲಾರದು. ಬಂಡೆಯ ಬಿರುಕಿನಲ್ಲಿ ನೀರಿಲ್ಲದಿದ್ದರೆ ಎಷ್ಟು ಗಾಳಿ ಊದಿದರೂ ಬರುವುದು ಗಾಳಿಯೇ.

ಎಣ್ಣೆಬಾವಿಗೆ ಬರೀ ಗಾಳಿಯನ್ನೇ ಏಕೆ ಊದಬಾರದು? ಗಾಳಿಯಲ್ಲಿ ಆಮ್ಲಜನಕವಿದೆ. ಒತ್ತಡದಲ್ಲಿರುವ ಹೈಡ್ರೋಕಾರ್ಬನ್ ಆವಿಗೆ ಆಮ್ಲಜನಕ ಸೇರಿದರೆ ಸ್ಫೋಟದ ಅಪಾಯ, ಉಕ್ಕಿನ ಕೊಳವೆಗಳಿಗೆ ತುಕ್ಕು. ಗಾಳಿಯ ಶೇ. 78ರಷ್ಟಿರುವ ಸಾರಜನಕ, ಅಂದರೆ ನೈಟ್ರೋಜನ್, ಯಾವುದರ ತಂಟೆಗೂ ಹೋಗದ ಅನಿಲ. ಉರಿಯದು, ಉರಿಸದು, ತುಕ್ಕು ಹಿಡಿಸದು. ಬೇರ್ಪಡಿಸುವುದಕ್ಕೆ ಗಾಳಿಯನ್ನು ಹಿಂಡಿ, ತಣಿಸಿ, ದ್ರವ ಮಾಡುತ್ತಾರೆ. ಸಾರಜನಕ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಆಮ್ಲಜನಕ ಮೈನಸ್ 183ರಲ್ಲಿ. ಈ 13 ಡಿಗ್ರಿ ಅಂತರ ಹಿಡಿದುಕೊಂಡೇ ಎರಡನ್ನೂ ಬೇರೆ ಮಾಡುವುದು. ಆಮೇಲೆ ಮತ್ತೆ ನೂರಾರು ಕಿಲೋ ಒತ್ತಡಕ್ಕೆ ಹಿಂಡಬೇಕು.

ಆಳದಲ್ಲಿ, ಹಗುರವಾದ ಎಣ್ಣೆಯಿರುವ ನಿಕ್ಷೇಪಗಳಲ್ಲಿ, ಒತ್ತಡ ಬಹಳವಿದ್ದರೆ ಸಾರಜನಕವೂ ಎಣ್ಣೆಯೂ ಒಂದರಲ್ಲೊಂದು ಬೆರೆತುಕೊಳ್ಳುತ್ತವೆ. ಆಗ ರಂಧ್ರಕ್ಕಂಟಿದ ಎಣ್ಣೆ ಸುಲಭವಾಗಿ ಬಿಟ್ಟುಬರುತ್ತದೆ. ಅಮೆರಿಕದ ಫ್ಲೋರಿಡಾದ ಜೇ ಎಂಬ ಬಹಳ ಆಳದ ನಿಕ್ಷೇಪದಲ್ಲಿ 1980ರ ದಶಕದ ಆರಂಭದಿಂದ ಹೀಗೆ ಮಾಡಿದ್ದಾರೆ. ಅಷ್ಟು ಒತ್ತಡವಿಲ್ಲದ ಕಡೆ ಇಂಗಾಲದ ಡೈಆಕ್ಸೈಡ್ ಇದಕ್ಕಿಂತ ಚೆನ್ನಾಗಿ ಬೆರೆಯುತ್ತದೆ, ಆದರೆ ಅದು ಬೇಕಾದಷ್ಟು ಎಲ್ಲ ಕಡೆ ಸಿಗದು, ನೀರು ಸೇರಿದರೆ ಕೊಳವೆಯನ್ನೂ ತಿನ್ನುತ್ತದೆ.

ಬೆರೆಯದಿದ್ದರೂ ಸಾರಜನಕ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಮೆಕ್ಸಿಕೊದ ಕಾಂಟರೆಲ್ ಸಾಕ್ಷಿ. ಕಂಪೆಚೆ ಕೊಲ್ಲಿಯ ನೀರಿನ ಮೇಲೆ ಎಣ್ಣೆ ತೇಲುವುದನ್ನು ಕಂಡು ಹೇಳಿದವನು ರುದೆಸಿಂದೊ ಕಾಂಟರೆಲ್ ಎಂಬ ಮೀನುಗಾರ. 1976ರಲ್ಲಿ ಪತ್ತೆಯಾದ ನಿಕ್ಷೇಪಕ್ಕೆ ಅವನದೇ ಹೆಸರು ಬಿತ್ತು. ಸರ್ಕಾರಿ ಕಂಪನಿ ಪೆಮೆಕ್ಸ್ ಅಲ್ಲಿಂದ ವರ್ಷಗಟ್ಟಲೆ ತೆಗೆದು ತೆಗೆದು ಒತ್ತಡ ಕುಸಿಯಿತು. ಆಗ ದಡದಲ್ಲಿ ಗಾಳಿಯಿಂದ ಸಾರಜನಕ ಬೇರ್ಪಡಿಸುವ, ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದೆನಿಸಿದ ಸ್ಥಾವರ ಕಟ್ಟಿ, 2000ನೇ ಇಸವಿಯಿಂದ ಕಡಲಡಿಯ ಕೊಳವೆಯಲ್ಲಿ ದಿನಕ್ಕೆ ಸುಮಾರು 3.4 ಕೋಟಿ ಘನ ಮೀಟರ್ ಅನಿಲ ಕಳಿಸಿದರು. ಎಣ್ಣೆಯ ಮೇಲ್ಗಡೆ ಸೇರಿಕೊಂಡಿದ್ದ ಅನಿಲದ ಪದರಕ್ಕೆ ಇದನ್ನು ತುಂಬಿದ್ದು. ಪದರ ಉಬ್ಬುತ್ತಾ ಎಣ್ಣೆಯನ್ನು ಕೆಳಗಿನ ಬಾವಿಗಳ ಬಾಯಿಗೆ ಒತ್ತಿತು. ಹೊಸ ಬಾವಿಗಳು, ಹೊಸ ವೇದಿಕೆಗಳೂ ಸೇರಿ, 2004ರಲ್ಲಿ ದಿನಕ್ಕೆ 21 ಲಕ್ಷ ಬ್ಯಾರಲ್ ಎಣ್ಣೆ ಬಂತು. ಒಂದು ಬ್ಯಾರಲ್ ಎಂದರೆ 159 ಲೀಟರ್.

ನಂತರ ಇಳಿದದ್ದು ಏರಿದ್ದಕ್ಕಿಂತ ಜೋರಾಗಿ. ಆರೇ ವರ್ಷದಲ್ಲಿ ಉತ್ಪಾದನೆ 5 ಲಕ್ಷ ಬ್ಯಾರಲ್ ಆಸುಪಾಸಿಗೆ ಬಂತು. ಕಾಂಟರೆಲ್‌ನ ಬಂಡೆ ಬಿರುಕುಗಳಿಂದ ತುಂಬಿದ ಸುಣ್ಣಕಲ್ಲು. ಅನಿಲದ ಪದರ ಕೆಳಗಿಳಿದಂತೆ ಒಂದೊಂದೇ ಬಾವಿ ಎಣ್ಣೆಯ ಬದಲು ಅನಿಲ ಕೊಡತೊಡಗಿತು. ಈ ಇಳಿತವನ್ನು ಸಾರಜನಕದ ಸೋಲೆಂದು ಬರೆದವರಿದ್ದಾರೆ. ನನಗೆ ಅದು ಅವಸರದ ತೀರ್ಪು ಎನಿಸುತ್ತದೆ. ಒತ್ತಡ ಹಿಡಿದಿಟ್ಟದ್ದು ನಿಜ, ಇಲ್ಲದಿದ್ದರೆ ಇನ್ನೂ ಬೇಗ ಇಳಿಯುತ್ತಿತ್ತು; ಆದರೆ ಇದ್ದದ್ದನ್ನು ಬೇಗ ಖಾಲಿಮಾಡಿದ್ದೂ ಅಷ್ಟೇ ನಿಜ. ಅದಕ್ಕಿಂತ ದೊಡ್ಡ ತೊಂದರೆ ಬೇರೆಯಿತ್ತು. ಎಣ್ಣೆಯ ಜೊತೆ ಬರುವ ನೈಸರ್ಗಿಕ ಅನಿಲಕ್ಕೆ ಸಾರಜನಕ ಬೆರೆತು ಅದರ ಉರಿಯುವ ಶಕ್ತಿ ತಗ್ಗಿತು. ಮಾರಲಾಗದ ಅನಿಲವನ್ನು ಬಹಳಷ್ಟು ಕಾಲ ಕಡಲ ಮೇಲೆಯೇ ಉರಿಸಿಬಿಟ್ಟರು. ಬೇರ್ಪಡಿಸಬೇಕಾದರೆ ಮತ್ತೊಮ್ಮೆ ಹಿಂಡಿ, ತಣಿಸುವ ಸ್ಥಾವರವೇ ಬೇಕು. ಒಳಗೆ ಕಳಿಸಲು ಒಮ್ಮೆ, ಹೊರಬಂದ ಮೇಲೆ ತೆಗೆಯಲು ಇನ್ನೊಮ್ಮೆ, ಒತ್ತಡದ ಬಿಲ್ಲು ಎರಡು ಸಲ.

ಭಾರತದಲ್ಲಿ ಇಷ್ಟು ದೊಡ್ಡ ಸಾರಜನಕ ಯೋಜನೆ ನಡೆದಿಲ್ಲ. ಆದರೆ ಗುಜರಾತಿನ ಮೆಹ್ಸಾನ ಜಿಲ್ಲೆಯ ಬಲೋಲ್, ಸಾಂತಲ್ ನಿಕ್ಷೇಪಗಳಲ್ಲಿ ಒಎನ್‌ಜಿಸಿ 1990ರ ದಶಕದಲ್ಲಿ ಬೇಕೆಂದೇ ಗಾಳಿ ಊದಿತು. ಅಲ್ಲಿನ ಎಣ್ಣೆ ಮಂದ, ಹರಿಯಲು ಒಲ್ಲದು. ಗಾಳಿಯ ಆಮ್ಲಜನಕ ಬಂಡೆಯೊಳಗೇ ಸ್ವಲ್ಪ ಎಣ್ಣೆಯನ್ನು ಉರಿಸುತ್ತದೆ, ಆ ಕಾವಿಗೆ ಉಳಿದದ್ದು ತೆಳುವಾಗುತ್ತದೆ, ಉರಿದು ಉಳಿದ ಅನಿಲಗಳು, ಅವುಗಳಲ್ಲಿ ಹೆಚ್ಚಿನ ಪಾಲು ಸಾರಜನಕವೇ, ಎಣ್ಣೆಯನ್ನು ಮುಂದಕ್ಕೆ ತಳ್ಳುತ್ತವೆ. ಬೇರ್ಪಡಿಸುವ ಖರ್ಚು ಇಲ್ಲದೆ ಸಾರಜನಕದಿಂದ ಕೆಲಸ ತೆಗೆದ ಹಾಗಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಹಳೆಯ ನಿಕ್ಷೇಪಗಳಿಂದ ಹೆಚ್ಚು ತೈಲ ತೆಗೆಯುವವರಿಗೆ ರಿಯಾಯಿತಿ ಕೊಡುವ ನೀತಿ ತಂದಿತು; ಅನಿಲ ತುಂಬುವ ವಿಧಾನಗಳಿಗೂ ಅದರಲ್ಲಿ ಜಾಗವಿದೆ.

ದಿನನಿತ್ಯದ ಕೆಲಸದಲ್ಲಿ ಮಾತ್ರ ನಮ್ಮ ತೈಲಬಾವಿಗಳಿಗೆ ಸಾರಜನಕ ಹಳೆಯ ಪರಿಚಯ. ಹೊಸದಾಗಿ ಕೊರೆದ ಅಥವಾ ದುರಸ್ತಿಯಾದ ಬಾವಿಯಲ್ಲಿ ನೀರು ನಿಂತು, ಅದರ ಭಾರಕ್ಕೆ ಎಣ್ಣೆ ಮೇಲೇಳದೆ ಕೂತಿರುತ್ತದೆ. ದ್ರವ ಸಾರಜನಕದ ಟ್ಯಾಂಕರ್, ಅದನ್ನು ಅನಿಲ ಮಾಡಿ ಒತ್ತುವ ಪಂಪು, ಸುರುಳಿ ಸುತ್ತಿದ ಸಣ್ಣ ಉಕ್ಕಿನ ಕೊಳವೆ, ಇಷ್ಟನ್ನು ಲಾರಿಗಳಲ್ಲಿ ತಂದು ಬಾವಿಯ ಬುಡದವರೆಗೆ ಕೊಳವೆ ಇಳಿಸಿ ಸಾರಜನಕ ಬಿಡುತ್ತಾರೆ. ನಿಂತ ನೀರು ಗುಳ್ಳೆಯಾಗಿ ಹಗುರಾಗಿ ಹೊರಬೀಳುತ್ತದೆ, ಭಾರ ಕಳೆದ ಬಾವಿ ಹರಿಯತೊಡಗುತ್ತದೆ. ಪಲ್ಲಡಂ ರೈತನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅವನು ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಕರೆಂಟು ಯಾರು ಕೊಡುತ್ತಾರೆ ಎಂಬುದಾಗಿರುತ್ತದೆ.