ಗಣಕದ ಗೊಂಬೆಗೆ ತೊಗಲು ತೊಡಿಸುವ ಬಗೆ

ಕಾಣೆಯಾದವರ ಗುರುತನ್ನು ಬಾನುಲಿಯಲ್ಲಿ ಬಿತ್ತರಿಸುವಾಗ ‘ಗೋಧಿ ಬಣ್ಣ, ಸಾಧಾರಣ ಮೈಕಟ್ಟು, ಕೋಲು ಮುಖ’ ಎಂಬ ಮಾತುಗಳನ್ನು ಕೇಳದವರು ನಮ್ಮಲ್ಲಿ ವಿರಳ. 2016ರಲ್ಲಿ ಈ ಮಾತೇ ಒಂದು ಕನ್ನಡ ಚಲನಚಿತ್ರದ ಹೆಸರೂ ಆಯಿತು. ಕ್ಷಣಾರ್ಧದಲ್ಲಿ ಮನುಷ್ಯನ ಗುರುತು ಹೇಳಿ ಮುಗಿಸಬೇಕಾದ ಕಡೆ ಇದಕ್ಕಿಂತ ಹೆಚ್ಚಿನದನ್ನು ಬಯಸುವುದು ಸಲ್ಲದು. ಹಾಗೆಂದು ಮೈಬಣ್ಣದ ವಿಷಯದಲ್ಲಿ ಕನ್ನಡವೇನೂ ಬಡಭಾಷೆಯಲ್ಲ. ಎಣ್ಣೆಗೆಂಪು, ಎಣ್ಣೆಗಪ್ಪು, ಸಾದುಗಪ್ಪು, ನಸುಗೆಂಪು ಎಂದು ನಮ್ಮ ಹೆಂಗಸರು ಮದುವೆಯ ಮಾತುಕತೆಯಲ್ಲಿ ಆಡುವುದನ್ನು ಕೇಳಿಯೇ ಇದ್ದೇವೆ. ಇವುಗಳ ಪೈಕಿ ‘ಎಣ್ಣೆ’ ಎಂಬ ಶಬ್ದವನ್ನು ಓದುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹಿಂದಿನವರು ಬಣ್ಣವನ್ನು ಮಾತ್ರ ಕಾಣಲಿಲ್ಲ, ಅದರ ಮೇಲೆ ಆಡುವ ಮಿರುಗನ್ನೂ ಕಂಡು ಎರಡಕ್ಕೂ ಸೇರಿ ಒಂದು ಹೆಸರಿಟ್ಟರು. ಗಣಕಯಂತ್ರದಲ್ಲಿ ಮನುಷ್ಯರೂಪವನ್ನು ಕಡೆಯುವ ಇಂದಿನ ಕುಶಲಿಗಳು ಬಹುಕಾಲ ತಿಣುಕಾಡಿದ್ದು ಈ ಎರಡನ್ನು ಬಿಡಿಸಿ ಮತ್ತೆ ಕೂಡಿಸುವುದರಲ್ಲಿಯೇ.

ಗಣಕದಲ್ಲಿ ಮನುಷ್ಯನನ್ನು ಏಕೆ ಕಡೆಯಬೇಕು ಎಂದು ಕೇಳುವವರಿಗೆ ಹತ್ತಿರದ ಉದಾಹರಣೆಯೊಂದು ಉಂಟು. 1972ರ ‘ನಾಗರಹಾವು’ ಚಿತ್ರದ ರಾಮಾಚಾರಿಯಾಗಿ ಮನೆಮಾತಾದ ನಟ ವಿಷ್ಣುವರ್ಧನ್ ಅವರು ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಅದೇ ಹೆಸರಿನ ಇನ್ನೊಂದು ಚಿತ್ರ, ಕೋಡಿ ರಾಮಕೃಷ್ಣ ಅವರು ನಿರ್ದೇಶಿಸಿದ್ದು, 2016ರಲ್ಲಿ ತೆರೆಗೆ ಬಂದಾಗ ಅದರಲ್ಲಿ ವಿಷ್ಣುವರ್ಧನ್ ಅವರ ಮುಖ ಕಾಣಿಸಿಕೊಂಡಿತು. ಆ ಮುಖ ಗಣಕದ ರಚನೆ. ಅಭಿಮಾನಿಗಳ ಕಣ್ಣು ಎಂಥದೆಂಬುದು ಗೊತ್ತೇ ಇದೆ. ಮೂಗು, ಹುಬ್ಬು, ನಡಿಗೆ ಎಲ್ಲವೂ ಸರಿಹೊಂದಿದರೂ ಚರ್ಮ ಒಂದಿಷ್ಟು ಮೇಣದಂತೆ ತೋರಿದರೆ ಮನಸ್ಸು ಒಪ್ಪುವುದಿಲ್ಲ. ನಮ್ಮ ಊರಿನ ಬೆಟ್ಟಕ್ಕೆ ಕುದುರೆಮುಖವೆಂದು ಹೆಸರು. ದೂರದಿಂದ ಅಂಚಿನ ಗೆರೆಯೊಂದು ಕಂಡರೆ ಸಾಕು, ಕುದುರೆಯೆಂದು ಒಪ್ಪುತ್ತೇವೆ, ಅದಕ್ಕೆ ರೋಮವಿಲ್ಲವೆಂದು ಯಾರೂ ದೂರುವುದಿಲ್ಲ. ಮನುಷ್ಯನ ಮುಖದಲ್ಲಿ ಈ ಔದಾರ್ಯ ನಮಗಿಲ್ಲ. ಹೋಲಿಕೆ ಹೆಚ್ಚುತ್ತ ಹೋಗಿ ಕಡೆಯ ಮೆಟ್ಟಿಲಿನಲ್ಲಿ ಮಾತ್ರ ತಪ್ಪಿದಾಗ ನೋಡುವವನಿಗೆ ಮೆಚ್ಚಿಕೆಯ ಬದಲು ಅಳುಕು ಹುಟ್ಟುತ್ತದೆಂದು ಜಪಾನಿನ ಮಸಾಹಿರೊ ಮೋರಿ ಎಂಬವರು 1970ರಲ್ಲಿ ಬರೆದು, ಆ ಎಡೆಯನ್ನು ಒಂದು ಕಣಿವೆಗೆ ಹೋಲಿಸಿದರು. ಬೊಂಬೆಗಳು ಆ ಕಣಿವೆಗೆ ಬೀಳುವುದು ಬಹುಪಾಲು ಕಣ್ಣಿನಿಂದ, ಇಲ್ಲವೆ ಚರ್ಮದಿಂದ.

ಚರ್ಮ ತೊಡಿಸುವುದು ಹೇಗೆಂಬುದನ್ನು ಈಗ ವಿಚಾರಿಸೋಣ. ಒಂದು ಚಕ್ಕೋತದ ಹಣ್ಣನ್ನು ಸುಲಿದು ಸಿಪ್ಪೆಯನ್ನು ಮಣೆಯ ಮೇಲೆ ಚಪ್ಪಟೆಯಾಗಿ ಹರವಿರಿ. ಗಣಕದೊಳಗಿನ ಗೊಂಬೆಯ ಮೈಯನ್ನೂ ಹೀಗೆಯೇ ಸೀಳಿ ಹರವಿ, ಚಪ್ಪಟೆಯಾದ ಆ ಹಾಳೆಯ ಮೇಲೆ ಬಣ್ಣ ತುಂಬಿ ಮತ್ತೆ ಮೈಗೆ ಹೊದಿಸುತ್ತಾರೆ. ಇದಕ್ಕೆ ಟೆಕ್ಸ್ಚರ್ ಎಂದು ಹೆಸರು. ನಾವು ತೊಗಲಿನ ಹಾಳೆ ಎನ್ನಬಹುದು. ಉದ್ದ ಅಗಲ ಎರಡರಲ್ಲಿಯೂ 4096 ಚುಕ್ಕೆಗಳುಳ್ಳ ಹಾಳೆ ಈ ಕಸುಬಿನಲ್ಲಿ ಸಾಮಾನ್ಯ. ಅಂದರೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಮಿಕ್ಕಿದ ಚುಕ್ಕೆಗಳಾದವು. ಒಂದು ಹಾಳೆಯಿಂದ ಕೆಲಸ ಮುಗಿಯುವುದಿಲ್ಲ. ಬಣ್ಣಕ್ಕೊಂದು, ಮಿರುಗಿಗೊಂದು, ಬೆವರಿನ ರಂಧ್ರ ಮತ್ತು ಸುಕ್ಕುಗಳ ಏರುತಗ್ಗಿಗೊಂದು ಎಂದು ಬೇರೆ ಬೇರೆ ಹಾಳೆಗಳನ್ನು ಒಂದರ ಮೇಲೊಂದು ಹೊದಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಮೊದಮೊದಲಿನ ಗೊಂಬೆಗಳು ಬಣ್ಣ ಬಳಿದ ಗಾರೆಯಂತೆ ಕಾಣುತ್ತಿದ್ದವು. ಕಾರಣ ಬಣ್ಣದಲ್ಲಿ ಇರಲಿಲ್ಲ, ಬೆಳಕಿನಲ್ಲಿ ಇತ್ತು. ಗೋಡೆಯ ಮೇಲೆ ಬಿದ್ದ ಬೆಳಕು ಬಿದ್ದ ಜಾಗದಿಂದಲೇ ಹಿಂದಕ್ಕೆ ಚಿಮ್ಮುತ್ತದೆ. ಚರ್ಮದ ಮೇಲೆ ಬಿದ್ದದ್ದು ಹಾಗಲ್ಲ. ಅದರಲ್ಲಿ ಹೆಚ್ಚಿನ ಪಾಲು ಒಳಕ್ಕೆ ಇಳಿದು, ಅಲ್ಲಿ ಚದರಿ, ರಕ್ತದ ಕೆಂಪನ್ನು ಅಂಟಿಸಿಕೊಂಡು, ಒಂದಷ್ಟು ಆಚೆಯ ಜಾಗದಿಂದ ಹೊರಗೆ ಬರುತ್ತದೆ. ಬೆಳಗಿನ ಬಿಸಿಲಿಗೆ ಬೆನ್ನು ಮಾಡಿ ನಿಂತ ಮಗುವಿನ ಕಿವಿ ಕೆಂಪಗೆ ಹೊಳೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲು, ಮೇಣ, ಅಮೃತಶಿಲೆ ಇವೆಲ್ಲ ಇದೇ ಜಾತಿಯವು.

ನಮ್ಮ ತೊಗಲುಗೊಂಬೆಯವರು ಈ ಗುಟ್ಟನ್ನು ಕೈಯಲ್ಲಿ ಹಿಡಿದೇ ಆಟ ಕಟ್ಟಿದರು. ಆಡಿನ ಇಲ್ಲವೆ ಜಿಂಕೆಯ ಚರ್ಮವನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಬಣ್ಣ ಹಾಕಿ, ಹಿಂದೆ ದೀಪವಿಟ್ಟರು. ದೀಪ ಹಿಂದಿರುವಾಗ ಉರಿಯುವ ಆ ಕೆಂಪು, ಗೊಂಬೆಯನ್ನು ಹಗಲಲ್ಲಿ ಕೈಗೆತ್ತಿಕೊಂಡು ನೋಡಿದರೆ ಮಂಕಾಗುತ್ತದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಆಸ್ಥೆಯಿಂದ ಕೂಡಿಟ್ಟ ತೊಗಲುಗೊಂಬೆಗಳನ್ನು ನೋಡಿದವರು ಈ ಮಾತನ್ನು ಒಪ್ಪಿಯಾರು. ಅದೇ ವಿಚಾರವನ್ನು ಗಣಿತಕ್ಕೆ ಇಳಿಸಿದವರು ಹೆನ್ರಿಕ್ ವಾನ್ ಯೆನ್ಸನ್, ಸ್ಟೀವ್ ಮಾರ್ಶ್ನರ್, ಮಾರ್ಕ್ ಲೆವಾಯ್, ಪ್ಯಾಟ್ ಹ್ಯಾನ್ರಹನ್ ಎಂಬ ನಾಲ್ವರು. 2001ರ ಅವರ ಪ್ರಬಂಧದಲ್ಲಿ ಹೊಕ್ಕ ಬೆಳಕು ಎಷ್ಟು ದೂರದಲ್ಲಿ ಎಷ್ಟು ಹೊರಬಂದೀತು ಎಂಬುದನ್ನು ಬೇಗನೆ ಎಣಿಸುವ ಸೂತ್ರವಿದೆ. ಮರುವರ್ಷದ ‘ಟೂ ಟವರ್ಸ್’ ಎಂಬ ಚಿತ್ರದಲ್ಲಿ ಗಾಲಂ ಎಂಬ ಪಾತ್ರದ ಮೈಯಲ್ಲಿ ಜೀವ ಕಂಡದ್ದು ಈ ಬಗೆಯ ಎಣಿಕೆಯಿಂದ. 2004ರಲ್ಲಿ ಯೆನ್ಸನ್, ಮಾರ್ಶ್ನರ್, ಹ್ಯಾನ್ರಹನ್ ಅವರಿಗೆ ಅಮೆರಿಕದ ಚಲನಚಿತ್ರ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ದೊರೆಯಿತು.

ಇನ್ನು ಆ ‘ಎಣ್ಣೆ’ಯ ಮಾತು. ಚರ್ಮದ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕರಿಂದ ಏಳರಷ್ಟು ಒಳಗೆ ಇಳಿಯದೆ ಮೇಲಿನಿಂದಲೇ ಚಿಮ್ಮುತ್ತದೆ. ಈ ಮಿರುಗಿಗೆ ಚರ್ಮದ ಬಣ್ಣವಿಲ್ಲ, ದೀಪದ ಬಣ್ಣವೇ ಅದರ ಬಣ್ಣ. ಛಾಯಾಚಿತ್ರ ತೆಗೆದಾಗ ಇದು ಬಿಳಿಯ ಕಲೆಯಾಗಿ ಚಿತ್ರದಲ್ಲಿ ಕೂರುತ್ತದೆ. ಅಂಥ ಚಿತ್ರವನ್ನೇ ತೊಗಲಿನ ಹಾಳೆಯಾಗಿ ಬಳಸಿದರೆ ಗೊಂಬೆಯು ಕತ್ತಲೆಗೆ ಹೋದರೂ ಕೆನ್ನೆಯ ಮೇಲಿನ ಬಿಳಿಕಲೆ ಅಲ್ಲಿಯೇ ಇರುತ್ತದೆ! ಇದಕ್ಕೊಂದು ಉಪಾಯವಿದೆ. ದೀಪದ ಮುಂದೆ ಒಂದು ಪೋಲರಾಯಿಡ್ ಹಾಳೆ, ಕ್ಯಾಮೆರಾದ ಮುಂದೆ ಅದಕ್ಕೆ ಅಡ್ಡಲಾಗಿ ತಿರುಗಿಸಿದ ಇನ್ನೊಂದು. ಮೇಲಿನಿಂದ ಚಿಮ್ಮಿದ ಬೆಳಕು ಎರಡನೆಯದನ್ನು ದಾಟಲಾರದು. ಒಳಹೊಕ್ಕು ಚದರಿ ಬಂದದ್ದು ಮೊದಲಿನ ಶಿಸ್ತನ್ನು ಕಳೆದುಕೊಂಡಿರುವುದರಿಂದ ಅದರಲ್ಲಿ ಅರ್ಧದಷ್ಟು ದಾಟಿ ಬರುತ್ತದೆ. ಹೀಗೆ ಮಿರುಗಿಲ್ಲದ ಅಪ್ಪಟ ಬಣ್ಣ ಸಿಗುತ್ತದೆ. ಮಿರುಗಿನ ಸಮೇತ ಇನ್ನೊಂದು ಚಿತ್ರ ತೆಗೆದು ಎರಡನ್ನೂ ಅಳತೆಗೆ ತಂದು ಕಳೆದರೆ ಉಳಿಯುವುದು ಮಿರುಗಿನ ಹಾಳೆ.

ಗತಿಸಿದವರ ವಿಷಯದಲ್ಲಿ ಕಷ್ಟವಿರುವುದೂ ಇಲ್ಲಿಯೇ. ಅವರನ್ನು ಮತ್ತೆ ದೀಪದ ಮುಂದೆ ಕೂರಿಸುವಂತಿಲ್ಲ. ಹಳೆಯ ಚಿತ್ರಗಳಲ್ಲಿ ಇರುವುದಾದರೋ ಮುಖಕ್ಕೆ ಬಳಿದ ಬಣ್ಣ, ಸ್ಟುಡಿಯೋದ ದೀಪ, ರೀಲಿನ ಕಾಳು ಇವುಗಳ ಕೆಳಗೆ ಅಡಗಿದ ಚರ್ಮ.

ಈಗ ಹೇಳಲಿರುವುದು ನಮ್ಮ ಕಡೆಯವರಿಗೆ ಮುಖ್ಯವಾದದ್ದು. ಹಾಳೆಗಳನ್ನು ತಾವೇ ತೆಗೆಯಲಾರದವರು ಸಿದ್ಧವಾದವನ್ನು ಕೊಳ್ಳುತ್ತಾರೆ. ಅಂಥ ಸಂಗ್ರಹಗಳಲ್ಲಿ ಬಿಳಿಯ ಮೈಯವರದೇ ಬಹುಕಾಲ ಮೇಲುಗೈ. ಅವಸರದ ಕೆಲಸಗಾರನು ಬಿಳಿಯ ಹಾಳೆಯೊಂದನ್ನು ಕೊಂಡು ಅದಕ್ಕೆ ಕಪ್ಪು ಬೆರೆಸಿ ಭಾರತೀಯನನ್ನು ಮಾಡಿದೆನೆಂದುಕೊಳ್ಳುತ್ತಾನೆ. ಬರುವುದು ಬೂದಿ ಬಳಿದ ಮುಖ. ಚರ್ಮದ ಕಪ್ಪು ಮೇಲೆ ಬಳಿದದ್ದಲ್ಲ. ಮೆಲನಿನ್ ಎಂಬ ವರ್ಣದ್ರವ್ಯವು ಮೇಲ್ಪೊರೆಯೊಳಗೆ ಇದ್ದು, ಒಳಕ್ಕೆ ಇಳಿಯುವ ಹಾಗೂ ಹಿಂದಿರುಗುವ ಬೆಳಕನ್ನು ಹೀರುತ್ತದೆ. ಆದಕಾರಣ ಕಪ್ಪು ಮೈಯಲ್ಲಿ ಒಳಗಿನಿಂದ ಬರುವ ಬೆಳಕು ಕಡಮೆ, ಮೇಲಿನ ಮಿರುಗು ಮಾತ್ರ ಅಷ್ಟೇ. ಹಾಗಾಗಿ ಮಿರುಗು ಎದ್ದು ಕಾಣುತ್ತದೆ. ಅಂಗೈ ಅಂಗಾಲುಗಳಲ್ಲಿ ಮೆಲನಿನ್ ಕಡಮೆ, ಮಂಡಿ ಮೊಣಕೈಗಳ ಬಣ್ಣವೇ ಬೇರೆ. ಎಣ್ಣೆಗಪ್ಪು ಎಂಬ ಒಂದೇ ಪದದಲ್ಲಿ ಇದರ ಅರ್ಧ ವಿಜ್ಞಾನ ಅಡಗಿದೆ. ಛಾಯಾಗ್ರಹಣದ ಚರಿತ್ರೆಯಲ್ಲಿಯೂ ಇದೇ ಕಥೆ: ಕೊಡಾಕ್ ಕಂಪನಿಯು ಚಿತ್ರಮುದ್ರಣಾಲಯಗಳಿಗೆ ಬಣ್ಣ ಸರಿನೋಡಲು ಕಳಿಸುತ್ತಿದ್ದ ಮಾದರಿ ಚಿತ್ರದಲ್ಲಿ ದಶಕಗಳ ಕಾಲ ಬಿಳಿಯ ಹೆಂಗಸೇ ಇದ್ದಳು. ವೈದ್ಯ ಫಿಟ್ಸ್‌ಪ್ಯಾಟ್ರಿಕ್ ಅವರು 1975ರಲ್ಲಿ ಆರಂಭಿಸಿ ಮುಂದೆ ಆರು ವರ್ಗಗಳಾಗಿ ಬೆಳೆದ ಚರ್ಮದ ವಿಂಗಡಣೆ ಬಿಸಿಲಿಗೆ ಸುಡುವ ಸ್ವಭಾವವನ್ನು ತಿಳಿಯಲು ಹುಟ್ಟಿದ್ದು, ಬಣ್ಣ ಹೇಳಲಿಕ್ಕಲ್ಲ. ಆದರೂ ಅದನ್ನೇ ಬಣ್ಣದ ಅಳತೆಗೋಲಾಗಿ ಬಳಸಿದರು. 2022ರಲ್ಲಿ ಎಲಿಸ್ ಮಂಕ್ ಎಂಬ ಸಮಾಜಶಾಸ್ತ್ರಜ್ಞರ ಹತ್ತು ಛಾಯೆಗಳ ಕೋಲು ಬಂದ ಮೇಲೆ ಕೊಂಚ ಸುಧಾರಿಸಿದೆ. ನಮ್ಮ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಆ ಹತ್ತೂ ಸಾಲವೆಂದು ನನ್ನ ಅನಿಸಿಕೆ.

ಬೆಂಗಳೂರಿನಲ್ಲಿ ಈ ಕಸುಬಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿಸಿಲಲ್ಲಿ ದುಡಿದ ಮೈಯ ಹಾಳೆ ಎಲ್ಲಿಯೂ ಸಿಕ್ಕದೆ ಕಳಸದ ಕಡೆಗೆ ಬಂದಳು. ಕಾಫಿ ತೋಟದಲ್ಲಿ ನಲವತ್ತು ವರ್ಷ ದುಡಿದ ಅಜ್ಜಿಯೊಬ್ಬರನ್ನು ಒಪ್ಪಿಸಿದೆವು. ಮೋಡ ಕವಿದ ದಿನವೇ ಬೇಕೆಂದು ಅವಳು ಕಾದಳು. ಮೋಡದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳುವುದರಿಂದ ನೆರಳು ಮೂಡುವುದಿಲ್ಲ. ಈ ಒಂದು ಸಂಪತ್ತಿನಲ್ಲಿ ನಮ್ಮ ಘಟ್ಟ ಯಾರಿಗೂ ಸೋತದ್ದಲ್ಲ. ಅಜ್ಜಿ ಕೈ ತೊಳೆದುಕೊಳ್ಳಲು ಎದ್ದರು. “ಬೇಡ ಅಜ್ಜಿ, ಹಾಗೇ ಇರಲಿ” ಎಂದಳು ಹುಡುಗಿ. “ಬೆರಳೆಲ್ಲ ಕರಿ ಆಗಿದೆಯಲ್ಲ ಮಗಾ, ಅದನ್ನೂ ಹಿಡೀತೀಯಾ?” ಎಂದು ಅವರು ನಕ್ಕರು. ಮೂಗಿನ ಪಕ್ಕದ ನರುಲ್ಲಿಯೂ, ಕತ್ತಿ ತಾಗಿದ ಹಳೆಯ ಗಾಯದ ಗೆರೆಯೂ ಹಾಳೆಗೆ ಬಂದವು.

ತೊಗಲಿನ ಹಾಳೆಗೆ ಇನ್ನೊಂದು ಗುಣವಿದೆ. ಮುಖದ ಆಕಾರದಿಂದ ಬೇರ್ಪಡಿಸಿ ಅದನ್ನು ಯಾರ ಆಕಾರಕ್ಕೆ ಬೇಕಾದರೂ ಹೊದಿಸಬಹುದು, ಮಾರಬಹುದು, ತಿಳಿಗೊಳಿಸಬಹುದು. ಆದ್ದರಿಂದ ಬರವಣಿಗೆಯಲ್ಲಿ ಒಪ್ಪಂದ ಬೇಕೆಂದು ಹುಡುಗಿಯೇ ಹೇಳಿದಳು. ಅವಳು ತಂದ ಇಂಗ್ಲಿಷ್ ಕಾಗದವನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಎಷ್ಟು ಹಣ, ಯಾವ ಯಾವ ಬಳಕೆ, ಎಷ್ಟು ವರ್ಷ ಎಂದು ಬರೆದು ಓದಿಹೇಳಿದೆ. ಅಜ್ಜಿ ಎಲ್ಲಕ್ಕೂ ತಲೆಯಾಡಿಸಿದರು. ಪಕ್ಕದಲ್ಲಿ ಕುಳಿತಿದ್ದ, ಒಂಬತ್ತನೆಯ ತರಗತಿಯ ಅವರ ಮೊಮ್ಮಗಳು ಮಾತ್ರ, “ಸಾರ್, ಅಜ್ಜೀನ ಬೆಳ್ಳಗೆ ಮಾಡಬಾರದು ಅಂತ ಬರೀರಿ” ಎಂದಳು. ಐದನೆಯ ಕಲಮಾಗಿ ಅದನ್ನು ಸೇರಿಸಿ, ಅಜ್ಜಿಯ ಹೆಬ್ಬೆಟ್ಟು ಹಾಕಿಸಿದೆವು.