ಕುರುಡರ ಕಿವಿ ಚುರುಕೇ?

ಪ್ರಶ್ನೆ: ಕಣ್ಣು ಕಾಣದವರಿಗೆ ಕಿವಿ ಹೆಚ್ಚು ಚುರುಕಾಗಿರುತ್ತದೆ ಎನ್ನುತ್ತಾರೆ. ನಿಜವೇ?

ಅರ್ಧ ನಿಜ. ಎಷ್ಟು ಮೆಲ್ಲನೆಯ ಸದ್ದು ಕಿವಿಗೆ ಬೀಳುತ್ತದೆ ಎಂದು ಅಳೆದರೆ ಕುರುಡರಿಗೂ ಕಣ್ಣಿರುವವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸವಿರುವುದು ಬಿದ್ದ ಸದ್ದನ್ನು ಬಳಸಿಕೊಳ್ಳುವುದರಲ್ಲಿ. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರಲ್ಲಿ ಕೆಲವರು ಒಂದು ಕಿವಿ ಮುಚ್ಚಿದರೂ ಸದ್ದಿನ ದಿಕ್ಕನ್ನು ಸರಿಯಾಗಿ ಹೇಳಬಲ್ಲರೆಂದು 1998ರಲ್ಲಿ ಕೆನಡಾದ ಸಂಶೋಧಕರು ತೋರಿಸಿದರು. ಸ್ವರದ ಏರಿಳಿತ ಗುರುತಿಸುವುದರಲ್ಲೂ ಇಂಥವರು ಮುಂದಿರುವುದು 2004ರಲ್ಲಿ ಕಂಡುಬಂತು. ದೊಡ್ಡವರಾದ ಮೇಲೆ ಕುರುಡಾದವರಲ್ಲಿ ಆ ಮೇಲುಗೈ ಇರಲಿಲ್ಲ. ಕಾರಣ ಮಿದುಳಿನಲ್ಲಿದೆ. ನೋಟಕ್ಕೆ ಮೀಸಲಾದ ಹಿಂಭಾಗ ಕೆಲಸವಿಲ್ಲದೆ ಸುಮ್ಮನಿರದೆ ಶಬ್ದ, ಸ್ಪರ್ಶಗಳ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ. ನಾಲಿಗೆಯಿಂದ ಟಕ್ ಎನಿಸಿ ಪ್ರತಿಧ್ವನಿಯಿಂದ ಎದುರಿನ ವಸ್ತುವನ್ನು ಅರಿಯುವ ಅಮೆರಿಕದ ಡೇನಿಯಲ್ ಕಿಶ್ ಅವರ ಮಿದುಳಿನಲ್ಲೂ ಆ ಭಾಗವೇ ಎಚ್ಚೆತ್ತದ್ದು ಸ್ಕ್ಯಾನ್‌ನಲ್ಲಿ ಕಂಡಿದೆ.

ಇದೆಲ್ಲ ಬರೀ ಅಭ್ಯಾಸಬಲವಲ್ಲವೇ ಎನ್ನಬಹುದು. ಅಭ್ಯಾಸದ ಪಾಲು ದೊಡ್ಡದೇ: ಕಣ್ಣಿರುವವರೂ ಕೆಲವು ವಾರಗಳ ತರಬೇತಿಯಿಂದ ಪ್ರತಿಧ್ವನಿ ಓದುವುದನ್ನು ಕಲಿತಿದ್ದಾರೆ. ಗದಗಿನ ಪುಟ್ಟರಾಜ ಗವಾಯಿಗಳ ಸಂಗೀತವನ್ನು ಕುರುಡುತನದ ಕೊಡುಗೆ ಎನ್ನುವುದು ಅವರ ಸಾಧನೆಗೆ ಮಾಡುವ ಅನ್ಯಾಯ. ಆದರೆ ಅಭ್ಯಾಸವೊಂದೇ ಸಾಕಿದ್ದರೆ ಕುರುಡಾದ ವಯಸ್ಸಿಗೆ ಇಷ್ಟು ಮಹತ್ವ ಬರುತ್ತಿರಲಿಲ್ಲ. ಇನ್ನು, ಲಾಭ ಎಲ್ಲ ಕಡೆಯೂ ಇಲ್ಲ. ಸದ್ದು ಮೇಲಿನಿಂದ ಬಂತೋ ಕೆಳಗಿನಿಂದಲೋ ಎಂಬ ಕೆಲವು ಪರೀಕ್ಷೆಗಳಲ್ಲಿ, ಅದರಲ್ಲೂ ಸುತ್ತ ಗದ್ದಲವಿದ್ದಾಗ, ಕುರುಡರೇ ಹಿಂದೆ ಬಿದ್ದರು. ಆ ಲೆಕ್ಕವನ್ನು ಕಿವಿಗೆ ತಿದ್ದಿ ಕಲಿಸುವುದರಲ್ಲಿ ಕಣ್ಣಿನ ಪಾತ್ರವೂ ಇರುವಂತಿದೆ.