ನೆಲದಡಿಯ ರೋಮಿನಲ್ಲಿ ರೈಲು

ರೋಮ್ ನಗರಕ್ಕೆ ಪುಣ್ಯಯಾತ್ರೆ ಹೋಗಿ ಬರುವ ನಮ್ಮ ಕ್ರೈಸ್ತ ಕುಟುಂಬಗಳ ಮಾತಿನಲ್ಲಿ ಸಂತ ಪೇತ್ರರ ಮಹಾದೇವಾಲಯದ ಗುಮ್ಮಟವಿರುತ್ತದೆ, ಜಗದ್ಗುರುಗಳ ದರ್ಶನದ ಸಂಭ್ರಮವಿರುತ್ತದೆ, ಅನ್ನ ಸಾರು ಸಿಗದೆ ಪಟ್ಟ ಪಾಡೂ ಇರುತ್ತದೆ. ಆದರೆ ಅವರು ದಿನಕ್ಕೆ ನಾಲ್ಕು ಸಾರಿ ಹತ್ತಿ ಇಳಿದ ಭೂಗರ್ಭ ರೈಲಿನ ಪ್ರಸ್ತಾಪ ಬರುವುದು ಅಪರೂಪ. ಬಂದರೂ ಅಲ್ಲಿನ ಜೇಬುಗಳ್ಳರ ವಿಷಯವಾಗಿಯೇ ಬರುತ್ತದೆ. 2024ರ ಡಿಸೆಂಬರ್ 24ರಂದು ಪವಿತ್ರ ದ್ವಾರ ತೆರೆದಲ್ಲಿಂದ 2026ರ ಜನವರಿ 6ರಂದು ಅದನ್ನು ಮುಚ್ಚುವವರೆಗೆ ನಡೆದ ಜುಬಿಲಿ ವರ್ಷದಲ್ಲಿ ಲಕ್ಷಾಂತರ ಯಾತ್ರಿಕರನ್ನು ಹೊತ್ತು ತಿರುಗಿದ ಈ ರೈಲಿಗೆ, ಕೇಳಲು ಯೋಗ್ಯವಾದ ಒಂದು ಕಥೆಯಿದೆ.

ದೆಹಲಿಯಲ್ಲಿ ಮೆಟ್ರೋ ರೈಲು ಓಡಲಾರಂಭಿಸಿದ್ದು 2002ರ ಡಿಸೆಂಬರಿನಲ್ಲಿ. ಅದರ ಜಾಲ ಇಂದು 350 ಕಿಲೋಮೀಟರಿಗೂ ಮಿಕ್ಕಿ ಬೆಳೆದಿದೆ. ರೋಮ್ ನಗರದ ಮೊದಲ ಮಾರ್ಗ 'ಬಿ' ಆರಂಭವಾದದ್ದು 1955ರಷ್ಟು ಹಿಂದೆ. ಎರಡನೆಯದಾದ 'ಎ' ಬಂದದ್ದು 1980ರಲ್ಲಿ. (ಮೊದಲು ಹುಟ್ಟಿದ್ದಕ್ಕೆ 'ಬಿ' ಎಂದೂ ಅನಂತರ ಹುಟ್ಟಿದ್ದಕ್ಕೆ 'ಎ' ಎಂದೂ ಹೆಸರಿಡುವ ತರ್ಕವನ್ನು ಅರಿಸ್ಟಾಟಲನೂ ಒಪ್ಪಲಾರ.) ಮೂರನೆಯದಾದ 'ಸಿ' ಮಾರ್ಗದ ಮೊದಲ ಭಾಗ ತೆರೆದದ್ದು 2014ರ ನವೆಂಬರಿನಲ್ಲಿ. ಮೂರನ್ನೂ ಕೂಡಿಸಿದರೆ 60 ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಇಷ್ಟೊಂದು ತಡವೇಕೆ? ಹಣದ ಅಡಚಣೆ, ಅಧಿಕಾರಿಗಳ ಜಗಳ, ಗುತ್ತಿಗೆಯ ವ್ಯಾಜ್ಯ ಇವೆಲ್ಲ ಅಲ್ಲಿಯೂ ಇವೆ; ಆ ವಿಷಯದಲ್ಲಿ ನಾವೇನೂ ಒಂಟಿಯಲ್ಲ. ಆದರೆ ನಿಜವಾದ ಅಡ್ಡಿ ನೆಲದೊಳಗೇ ಇದೆ.

ರೋಮ್ ಒಂದೇ ನಗರವಲ್ಲ; ಒಂದರ ಮೇಲೊಂದು ಕುಳಿತ ಹಲವು ನಗರಗಳು. ಟೈಬರ್ ನದಿ ಉಕ್ಕಿದಾಗಲೆಲ್ಲ ಮಣ್ಣು ತಂದು ಸುರಿಯಿತು. ಬೆಂಕಿಯೋ ಭೂಕಂಪವೋ ಉರುಳಿಸಿದ ಮನೆಗಳ ಕಲ್ಲುಮಣ್ಣನ್ನು ಊರಾಚೆ ಸಾಗಿಸುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅದನ್ನೇ ಮಟ್ಟ ಮಾಡಿ ಅದರ ಮೇಲೆ ಮತ್ತೆ ಕಟ್ಟಿದರು. ಕಣ್ಣಾರೆ ಕಾಣಬೇಕೆನ್ನುವವರು ಕೊಲೋಸಿಯಮ್ಮಿನಿಂದ ಕೂಗಳತೆಯ ದೂರದಲ್ಲಿರುವ ಸಂತ ಕ್ಲೆಮೆಂತರ ದೇವಾಲಯಕ್ಕೆ ಹೋಗಬೇಕು. ಇಂದು ಬಲಿಪೂಜೆ ನಡೆಯುವುದು 12ನೆಯ ಶತಮಾನದ ದೇವಾಲಯದಲ್ಲಿ. ಅದರ ಕೆಳಗೆ 4ನೆಯ ಶತಮಾನದ ಇನ್ನೊಂದು ದೇವಾಲಯ. ಅದರ ಕೆಳಗೆ 1ನೆಯ ಶತಮಾನದ ಕಟ್ಟಡಗಳು, ಮಿತ್ರಾಸ್ ಎಂಬ ದೇವತೆಯನ್ನು ಆರಾಧಿಸುತ್ತಿದ್ದ ಕತ್ತಲ ಕೋಣೆ. ಅಲ್ಲಿ ನಿಂತರೆ ಇನ್ನೂ ಕೆಳಗೆ ಹರಿಯುವ ನೀರಿನ ಸದ್ದು ಕೇಳುತ್ತದೆ. 1857ರಲ್ಲಿ ಐರ್ಲೆಂಡಿನ ಡೊಮಿನಿಕನ್ ಗುರು ಜೋಸೆಫ್ ಮುಲ್ಲೂಲಿ ಅಗೆಯಲು ತೊಡಗದಿದ್ದರೆ, ತಾವು ಯಾವುದರ ಮೇಲೆ ಮೊಣಕಾಲೂರುತ್ತಿದ್ದೇವೆಂಬುದೇ ಅಲ್ಲಿನ ಭಕ್ತರಿಗೆ ತಿಳಿಯುತ್ತಿರಲಿಲ್ಲ.

ಇಂತಹ ನೆಲವನ್ನು ಅವಸರದಿಂದ ಕಡಿದ ಕಾಲವೂ ಇತ್ತು. 1932ರಲ್ಲಿ ಮುಸ್ಸೊಲಿನಿ ತನ್ನ ಮೆರವಣಿಗೆಗಳಿಗಾಗಿ ಪಿಯಾತ್ಸಾ ವೆನೇತ್ಸಿಯಾದಿಂದ ಕೊಲೋಸಿಯಮ್ಮಿಗೆ ನೇರ ರಾಜಮಾರ್ಗವೊಂದನ್ನು ಹಾಸಿಸಿದ. ದಾರಿಗೆ ಅಡ್ಡವಾಗಿದ್ದ ವೇಲಿಯ ಗುಡ್ಡವನ್ನು ಸಮತಟ್ಟು ಮಾಡಲಾಯಿತು. ಅಲ್ಲಿದ್ದ ಮಧ್ಯಯುಗದ ಬಡಾವಣೆಗಳು ನೆಲಸಮವಾಗಿ ಸಾವಿರಾರು ಜನ ಒಕ್ಕಲೆದ್ದರು. ಪ್ರಾಚೀನ ರೋಮಿನ ವೈಭವವನ್ನು ಎತ್ತಿ ತೋರಿಸಲೆಂದು ನಡೆದ ಕಾಮಗಾರಿಯಲ್ಲಿ ಪ್ರಾಚೀನ ರೋಮಿನ ಎಷ್ಟೋ ಅಂಶ ಸರಿಯಾದ ಟಿಪ್ಪಣಿಯೂ ಇಲ್ಲದೆ ಅಳಿಸಿಹೋಯಿತು. ಪರಂಪರೆಯ ಹೆಸರನ್ನು ಬಾಯಲ್ಲಿ ಹೆಚ್ಚಾಗಿ ಜಪಿಸುವವರ ಕೈಯಲ್ಲಿ ಪರಂಪರೆ ಹೆಚ್ಚು ಸುರಕ್ಷಿತವೆಂದು ಭಾವಿಸಬೇಕಾಗಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ. ನಿರ್ದೇಶಕ ಫೆಲಿನಿ 1972ರ ತನ್ನ 'ರೋಮಾ' ಚಲನಚಿತ್ರದಲ್ಲಿ ಇನ್ನೊಂದು ಬಗೆಯ ನಾಶವನ್ನು ಕಲ್ಪಿಸಿದ್ದಾನೆ. ಸುರಂಗ ಕೊರೆಯುವ ಕೆಲಸಗಾರರು ಗೋಡೆಯೊಂದನ್ನು ಒಡೆದಾಗ ಒಳಗೆ ಸಾವಿರಾರು ವರ್ಷಗಳ ಭಿತ್ತಿಚಿತ್ರಗಳು ಕಾಣುತ್ತವೆ. ಹೊರಗಿನ ಗಾಳಿ ತಗುಲಿದ ಕ್ಷಣದಲ್ಲಿ ಅವು ಮಾಸಿ ಮಾಯವಾಗುತ್ತವೆ. ನೋಡಿದ್ದೇ ಕಳೆದುಕೊಂಡಂತೆ. 'ಎ' ಮಾರ್ಗದ ಅಗೆತ ನಡೆಯುತ್ತಿದ್ದ ಕಾಲದ ಚಿತ್ರವದು.

'ಸಿ' ಮಾರ್ಗವನ್ನು ಯೋಜಿಸಿದವರು ಈ ಪಾಠವನ್ನು ಮರೆಯಲಿಲ್ಲವೆನ್ನಬಹುದು. ಸುರಂಗಗಳನ್ನು ಅವರು ಸುಮಾರು 30 ಮೀಟರ್ ಆಳಕ್ಕೆ ಇಳಿಸಿದರು. ಮನುಷ್ಯವಾಸದ ಕುರುಹುಗಳು ಮುಗಿದು ಬರಿಯ ಜೇಡಿಯೂ ಜ್ವಾಲಾಮುಖಿಯ ಮಣ್ಣೂ ಇರುವ ಆ ಆಳದಲ್ಲಿ ಕೊರೆಯುವ ಯಂತ್ರ ಯಾರ ಸ್ಮೃತಿಗೂ ಧಕ್ಕೆ ತರದೆ ಸಾಗಬಲ್ಲದು. ಮೇಲಿರುವ ಪ್ರಾಚೀನ ಗೋಡೆ, ಕಮಾನುಗಳು ಕದಲುತ್ತಿವೆಯೇ ಎಂದು ಎಡೆಬಿಡದೆ ಅಳೆಯುವ ಉಪಕರಣಗಳನ್ನು ಜೋಡಿಸಲಾಯಿತು. ಈ ಮಾರ್ಗದ ರೈಲುಗಳಿಗೆ ಚಾಲಕನೂ ಇಲ್ಲ, ಗಣಕಯಂತ್ರವೇ ನಡೆಸುತ್ತದೆ. ಆದರೆ ಎಷ್ಟೇ ಆಳದಲ್ಲಿ ಓಡಿದರೂ ಪ್ರಯಾಣಿಕ ಮೇಲೆ ಬರಲೇಬೇಕಲ್ಲ? ನಿಲ್ದಾಣ ಕಟ್ಟಬೇಕಾದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲ ಶತಮಾನಗಳನ್ನೂ ಹಾಯಲೇಬೇಕು. ತೊಡಕು ಇರುವುದು ಅಲ್ಲಿ.

ರೋಮಿನ ಪ್ರಧಾನಾಲಯವಾದ ಲ್ಯಾಟರನ್ ಮಹಾದೇವಾಲಯದ ಹತ್ತಿರದ ಸಾನ್ ಜೊವಾನ್ನಿ ನಿಲ್ದಾಣವನ್ನೇ ನೋಡಿ. ಸಂತ ಯೊವಾನ್ನರ ಹೆಸರನ್ನು ಹೊತ್ತ ಈ ಸ್ಥಳದಲ್ಲಿ 'ಸಿ' ಮಾರ್ಗಕ್ಕಾಗಿ ಅಗೆದ ಪ್ರಾಕ್ತನ ಶಾಸ್ತ್ರಜ್ಞರು ಸುಮಾರು 20 ಮೀಟರ್ ಆಳದವರೆಗೂ ಇತಿಹಾಸದ ಪದರಗಳನ್ನು ಕಂಡರು. ಎಲ್ಲಕ್ಕಿಂತ ದೊಡ್ಡ ಶೋಧ ಅರಮನೆಯಲ್ಲ, ದೇಗುಲವಲ್ಲ, ಒಂದು ತೋಟ. 1ನೆಯ ಶತಮಾನದ ಆ ತೋಟದಲ್ಲಿ ನೀರು ನಿಲ್ಲಿಸಲು ಕಟ್ಟಿದ್ದ ಕೊಳ ಎಷ್ಟು ವಿಶಾಲವಾಗಿತ್ತೆಂದರೆ, ಅದರಲ್ಲಿ 40 ಲಕ್ಷ ಲೀಟರಿಗೂ ಹೆಚ್ಚು ನೀರು ಹಿಡಿಯುತ್ತಿತ್ತಂತೆ. ಜೊತೆಗೆ ಕವೆಗೋಲು, ಹೆಣೆದ ಬುಟ್ಟಿ, ಆ ಕಾಲದ ರೋಮಿಗೆ ಹೊಸದಾಗಿ ಬಂದಿದ್ದ ಪೀಚ್ ಹಣ್ಣಿನ ಗೊರಟೆಗಳು ದೊರೆತವು. ನೀರಿನ ತೇವವೇ ಇವನ್ನು ಕಾಪಾಡಿತ್ತು. ಸಂತ ಪೌಲರು ಸೆರೆಯಾಳಾಗಿ ರೋಮಿಗೆ ನಡೆದು ಬಂದದ್ದೂ ಆ ಶತಮಾನದಲ್ಲಿಯೇ. ಸೋದರರು ಅಪ್ಪಿಯ ಪೇಟೆಯವರೆಗೆ ಬಂದು ಅವರನ್ನು ಎದುರುಗೊಂಡರೆಂದು ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯದಲ್ಲಿ ಓದುತ್ತೇವೆ. ಆ ಸೋದರರು ಎಂತಹ ಜನ, ಏನು ಉಣ್ಣುತ್ತಿದ್ದರು, ಯಾರ ತೋಟದಲ್ಲಿ ಕೂಲಿಗೆ ಹೋಗುತ್ತಿದ್ದರು ಎಂದು ಯೋಚಿಸುವವನಿಗೆ ಚಕ್ರವರ್ತಿಯ ಅಮೃತಶಿಲೆಯ ಪ್ರತಿಮೆಗಿಂತ ಆ ಬುಟ್ಟಿ ಹೆಚ್ಚು ಹೇಳುತ್ತದೆ.

ಈ ಶೋಧದಿಂದಾಗಿ ನಿಲ್ದಾಣದ ವಿನ್ಯಾಸವನ್ನೇ ಬದಲಿಸಬೇಕಾಯಿತು. 2018ರ ಮೇ 12ರಂದು ಅದು ತೆರೆದಾಗ ಗೋಡೆಗಳೇ ಕಾಲಮಾಪಕಗಳಾಗಿದ್ದವು. ಮೆಟ್ಟಿಲಿಳಿಯುತ್ತ ಹೋದಂತೆ ಯಾವ ಆಳ ಯಾವ ಶತಮಾನದ್ದೆಂದು ಬರೆದಿರುವುದನ್ನು ಓದಬಹುದು. ದೊರೆತ ವಸ್ತುಗಳು ಗಾಜಿನ ಪೆಟ್ಟಿಗೆಗಳಲ್ಲಿವೆ. ಕಚೇರಿಗೆ ಓಡುವ ಗುಮಾಸ್ತನಿಗೆ ಪ್ರತಿದಿನವೂ ಎರಡು ಸಾವಿರ ವರ್ಷಗಳನ್ನು ಇಳಿದು ಏರುವ ಭಾಗ್ಯ. ಅವನು ಮೊಬೈಲಿನಿಂದ ತಲೆಯೆತ್ತಿ ನೋಡುತ್ತಾನೆಯೇ ಎಂಬುದು ಬೇರೆ ಪ್ರಶ್ನೆ.

ಮುಂದಿನ ನಿಲ್ದಾಣವಾದ ಪೋರ್ತಾ ಮೆತ್ರೋನಿಯಾದಲ್ಲಿ ಎದ್ದದ್ದು ಇದಕ್ಕಿಂತ ಕಠಿಣವಾದ ಸಮಸ್ಯೆ. 2016ರಲ್ಲಿ ಅಲ್ಲಿ 9 ಮೀಟರ್ ಆಳದಲ್ಲಿ ಹೇಡ್ರಿಯನ್ ಚಕ್ರವರ್ತಿಯ ಕಾಲದ ಸೈನಿಕರ ವಸತಿಗೃಹವೊಂದು ಪತ್ತೆಯಾಯಿತು: ಉದ್ದನೆಯ ಓಣಿಯ ಪಕ್ಕ 39 ಕೋಣೆಗಳು, ಕೆಲವಕ್ಕೆ ಕಪ್ಪುಬಿಳುಪಿನ ಕುಸುರಿ ನೆಲ. ನಿಲ್ದಾಣ ಬರಬೇಕಾದ ಜಾಗವೇ ಅದು. ಮರುವರ್ಷ ಹತ್ತಿರದ ಗುಂಡಿಯೊಂದರಲ್ಲಿ ಬೆಂಕಿಯಲ್ಲಿ ಸುಟ್ಟು ಕರಿಕಾದ ಮರದ ತೊಲೆಗಳು ದೊರೆತವು. ಸುಟ್ಟದ್ದರಿಂದಲೇ ಅವು ಕೊಳೆಯದೆ ಉಳಿದಿದ್ದವು. ಬಾಗಿಲ ಬಳಿ ಮುದುರಿ ಕುಳಿತ ಭಂಗಿಯಲ್ಲಿ ಒಂದು ನಾಯಿಯ ಎಲುಬುಗಳಿದ್ದವು. ಬೆಂಕಿ ಬಿದ್ದ ದಿನ ಹೊರಗೆ ಹೋಗಲಾರದೆ ಸತ್ತದ್ದಿರಬೇಕು. ಅದರ ಒಡೆಯನಾರೋ ಇತಿಹಾಸಕ್ಕೆ ಗೊತ್ತಿಲ್ಲ. ನಾಯಿ ಮಾತ್ರ ಕಾಯುತ್ತಿತ್ತು.

ಸೈನಿಕರ ವಸತಿಗೃಹವನ್ನು ಏನು ಮಾಡುವುದು? ಬಿಟ್ಟರೆ ನಿಲ್ದಾಣವಿಲ್ಲ, ಒಡೆದರೆ ಇತಿಹಾಸವಿಲ್ಲ. ಗೋಡೆಗಳನ್ನೂ ನೆಲವನ್ನೂ ಭಾಗಭಾಗವಾಗಿ ಕತ್ತರಿಸಿ, ಒಂದೊಂದರ ಸ್ಥಾನವನ್ನು ಗುರುತು ಹಾಕಿ, ಬೇರೆಡೆ ಜೋಪಾನವಾಗಿಟ್ಟು, ಕೆಳಗಿನ ಕೆಲಸ ಮುಗಿದ ಮೇಲೆ ಮರಳಿ ತಂದು ಕೂರಿಸುವುದೆಂದು ತೀರ್ಮಾನವಾಯಿತು. ಹಾಗೆಯೇ ಮಾಡಿದರು. ಈಗ ನನ್ನಂತಹ ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಒಂದು ಹಳೆಯ ಪ್ರಶ್ನೆ ನೆನಪಾಗದಿರದು. ತೀಸಿಯಸ್ಸನ ಹಡಗನ್ನು ಅಥೆನ್ಸಿನವರು ಉಳಿಸಿಕೊಂಡು ಬಂದದ್ದನ್ನು ಪ್ಲುಟಾರ್ಕ್ ಹೇಳುತ್ತಾನೆ. ಹಲಗೆಯೊಂದು ಕೊಳೆತಾಗ ಅದನ್ನು ತೆಗೆದು ಹೊಸದನ್ನು ಹಾಕುತ್ತಿದ್ದರು. ಎಲ್ಲ ಹಲಗೆಗಳೂ ಬದಲಾದ ಮೇಲೆ ಅದು ಅದೇ ಹಡಗೋ, ಬೇರೆಯೋ ಎಂದು ದಾರ್ಶನಿಕರು ವಾದಿಸಿದರು. ರೋಮಿನಲ್ಲಿ ಆದದ್ದು ಅದರ ವಿಲೋಮ: ದ್ರವ್ಯ ಅದೇ, ಆದರೆ ಕಟ್ಟಡ ಕೆಲಕಾಲ ಇಲ್ಲವೇ ಇಲ್ಲವಾಗಿ ಮತ್ತೆ ಬಂತು. ಇದು ಅದೇ ವಸತಿಗೃಹವೇ?

ಅರಿಸ್ಟಾಟಲನ ಪರಿಭಾಷೆಯಲ್ಲಿ ಹೇಳುವುದಾದರೆ ದ್ರವ್ಯವೂ ರೂಪವೂ ಮರಳಿದುವು. ಉದ್ದೇಶ ಮಾತ್ರ ಎಂದೋ ಹೋಗಿತ್ತು. 271ರ ಸುಮಾರಿಗೆ ಔರೇಲಿಯನ್ ಚಕ್ರವರ್ತಿ ನಗರಕ್ಕೆ ಕೋಟೆಗೋಡೆ ಕಟ್ಟಲು ತೊಡಗಿದಾಗ ರೋಮನರೇ ಆ ಕಟ್ಟಡವನ್ನು ಒಂದೇ ಮಟ್ಟಕ್ಕೆ ಕಡಿದು ಮಣ್ಣು ಮುಚ್ಚಿದ್ದರು. ಆದ್ದರಿಂದ ಅದು ಅದೇ ಎನ್ನುವವರ ಪಕ್ಷದಲ್ಲಿ ನಾನಿದ್ದೇನೆ, ಆದರೆ ಒಂದು ಷರತ್ತಿನ ಮೇಲೆ. ಪುನೀತರ ಪವಿತ್ರಾವಶೇಷಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು ಧರ್ಮಸಭೆಗೆ ಹೊಸದಲ್ಲ. ಅವುಗಳೊಡನೆ ಮುದ್ರೆಯೊತ್ತಿದ ಪತ್ರವೂ ಹೋಗುತ್ತದೆ. ಎಲ್ಲಿತ್ತು, ಯಾರು ತೆಗೆದರು, ಯಾವಾಗ ತೆಗೆದರು ಎಂಬ ಬರಹವಿಲ್ಲದಿದ್ದರೆ ಅವಶೇಷ ಕೇವಲ ಎಲುಬು. ಕಲ್ಲಿಗೂ ಅದೇ ನಿಯಮ.

ಇದಕ್ಕೆಲ್ಲ ಬೆಲೆ ತೆತ್ತವರು ಯಾರು? ವರ್ಷಗಟ್ಟಲೆ ತಗಡಿನ ಬೇಲಿ ಮುಚ್ಚಿದ ಬೀದಿಯಲ್ಲಿ ಗಿರಾಕಿಗಳಿಲ್ಲದೆ ಅಂಗಡಿ ನಡೆಸಿದವರು, ಬಸ್ಸಿಗಾಗಿ ಮಳೆಯಲ್ಲಿ ನಿಂತ ಮುದುಕಿಯರು, ಬೆಳಗಿನ ಪಾಳಿಗೆ ದೂರದ ಹೊರವಲಯದಿಂದ ಬರುವ ಕೆಲಸಗಾರರು. ಸಾನ್ ಜೊವಾನ್ನಿಯಿಂದ ಮುಂದಿನ ಎರಡು ನಿಲ್ದಾಣಗಳಿಗೆ ರೈಲು ತಲುಪಲು ಏಳು ವರ್ಷಗಳಿಗೂ ಮಿಕ್ಕಿ ಹಿಡಿಯಿತು. ಪೋರ್ತಾ ಮೆತ್ರೋನಿಯಾ, ಕೊಲೋಸಿಯೋ ಎರಡೂ ತೆರೆದದ್ದು 2025ರ ಡಿಸೆಂಬರ್ 16ರಂದು. ಆಗ ಜುಬಿಲಿ ಯಾತ್ರಿಕರಿಗೆ ಉಳಿದಿದ್ದದ್ದು ಮೂರೇ ವಾರ! ಸತ್ತವರ ಕೋಣೆಗಳಿಗಾಗಿ ಬದುಕಿರುವವರು ಇಷ್ಟು ಕಾಯಬೇಕೆ ಎಂದು ಕೇಳುವವರನ್ನು ಸಂಸ್ಕೃತಿಹೀನರೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಬಡವನ ಸಮಯವೂ ಒಂದು ಸಂಪತ್ತೇ. ಆದರೂ, ಕಡಿದ ಗುಡ್ಡವನ್ನು ಮತ್ತೆ ತರಲಾಗದು, ತಡವಾದ ರೈಲಾದರೋ ಒಂದು ದಿನ ಬಂದೇ ಬರುತ್ತದೆ ಎಂಬ ಕಾರಣಕ್ಕಾಗಿ ನಾನು ತಡವನ್ನೇ ಆರಿಸುತ್ತೇನೆ.

ಈ ಪ್ರಶ್ನೆ ನಮ್ಮಿಂದ ದೂರವೇನಲ್ಲ. ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ, ಹಳೆಯ ಕೋಟೆಯ ನೆರೆಯಲ್ಲೇ ಮೆಟ್ರೋ ನಿಲ್ದಾಣಕ್ಕೆ ಅಗೆಯುವಾಗ 2012ರಲ್ಲಿ ಹಳೆಯ ಫಿರಂಗಿಗಳು ದೊರೆತವು. ಫಿರಂಗಿ ಭಾರವಾದ ವಸ್ತು, ಎದ್ದು ಕಾಣುತ್ತದೆ. ಗೊರಟೆ, ಬುಟ್ಟಿಗಳು ಹಾಗೆ ಕಾಣುವುದಿಲ್ಲ. ಹುಡುಕುವ ಕಣ್ಣು ಬೇಕು. ಅದಿರಲಿ, ನಮ್ಮ ಧರ್ಮಕೇಂದ್ರಗಳಲ್ಲಿಯೇ ಹಂಚಿನ ಸೂರಿನ ಹಳೆಯ ದೇವಾಲಯವನ್ನು ಕೆಡವಿ ಕಾಂಕ್ರೀಟಿನ ದೊಡ್ಡ ದೇವಾಲಯ ಎಬ್ಬಿಸುವಾಗ ಏನಾಗುತ್ತದೆ? ಜನಸಂಖ್ಯೆ ಬೆಳೆದಿದೆ, ಗೋಡೆ ಬಿರುಕು ಬಿಟ್ಟಿದೆ, ಕೆಡವದೆ ವಿಧಿಯಿಲ್ಲ ಎಂಬುದು ಎಷ್ಟೋ ಕಡೆ ನಿಜವೇ. ಆದರೆ ಕೆಡವುವ ಮುನ್ನ ಅಳತೆ ತೆಗೆದಿಟ್ಟವರೆಷ್ಟು ಮಂದಿ? ಮರದ ಪೀಠ ಯಾರ ಮನೆಯ ಅಟ್ಟ ಸೇರಿತು, ನೆಲದಲ್ಲಿದ್ದ ಸಮಾಧಿಕಲ್ಲುಗಳು ಯಾವ ತಳಪಾಯಕ್ಕೆ ಬಿದ್ದವು? ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕಗಳನ್ನು ಗೆದ್ದಲು ಓದಿ ಮುಗಿಸುವ ಮೊದಲು ನಾವು ಓದಬಹುದಲ್ಲವೆ? ಪ್ರತಿ ಯುವಕನ ಜೇಬಿನಲ್ಲೂ ಇಂದು ಕ್ಯಾಮೆರಾ ಇದೆ. ಊರಹಬ್ಬದ ತೇರನ್ನು ನೂರು ಸಾರಿ ಚಿತ್ರಿಸುವ ಆ ಯಂತ್ರ ಒಂದು ಮಧ್ಯಾಹ್ನ ಆ ಪುಸ್ತಕಗಳ ಹಾಳೆಗಳ ಮೇಲೆ ತಿರುಗಲಿ, ಖರ್ಚೇನೂ ಇಲ್ಲ.

ಮುಂದೆ ರೋಮಿಗೆ ಹೋಗುವವರಿಗೆ ಒಂದು ಸೂಚನೆ. ತೆರ್ಮಿನಿ ರೈಲು ನಿಲ್ದಾಣದಿಂದ 'ಎ' ಮಾರ್ಗದಲ್ಲಿ ಸಾನ್ ಜೊವಾನ್ನಿಗೆ ಬನ್ನಿ. ಲ್ಯಾಟರನ್ ಮಹಾದೇವಾಲಯದ ದರ್ಶನವಾದ ಮೇಲೆ ಅಲ್ಲಿಯೇ 'ಸಿ' ಮಾರ್ಗಕ್ಕೆ ಇಳಿಯಿರಿ. ಯಾಂತ್ರಿಕ ಮೆಟ್ಟಿಲುಗಳ ಮೇಲೆ ಅವಸರ ಬೇಡ, ಗೋಡೆಗಳನ್ನು ಓದುತ್ತ ಇಳಿಯಿರಿ. ಎರಡನೆಯ ನಿಲ್ದಾಣವೇ ಕೊಲೋಸಿಯೋ. ಅದನ್ನು ಕಟ್ಟುವಾಗ ಸಿಕ್ಕಿದ 28 ಪ್ರಾಚೀನ ಬಾವಿಗಳ ಕಥೆ, ಅವುಗಳೊಳಗಿದ್ದ ಪಾತ್ರೆಪಡಗಗಳು ಅಲ್ಲಿವೆ. ಪೋರ್ತಾ ಮೆತ್ರೋನಿಯಾದ ವಸ್ತುಸಂಗ್ರಹಾಲಯವನ್ನು ಅನಂತರ ತೆರೆಯುವುದಾಗಿ ನಿಲ್ದಾಣ ಆರಂಭವಾದಾಗ ತಿಳಿಸಿದ್ದರು; ಹೋಗುವ ಮೊದಲು ವಿಚಾರಿಸಿಕೊಳ್ಳಿ. ಕೊಲೋಸಿಯೋದಿಂದ ಮೇಲೆ ಬಂದರೆ ಸಂತ ಕ್ಲೆಮೆಂತರ ದೇವಾಲಯಕ್ಕೆ ಕಾಲ್ನಡಿಗೆಯ ದಾರಿ.

ರೈಲು ಸದ್ಯಕ್ಕೆ ಅಲ್ಲಿಗೇ ನಿಲ್ಲುತ್ತದೆ. ಅದರಾಚೆ, ಮುಸ್ಸೊಲಿನಿಯ ರಾಜಮಾರ್ಗದ ಇನ್ನೊಂದು ತುದಿಯಲ್ಲಿ, ಪಿಯಾತ್ಸಾ ವೆನೇತ್ಸಿಯಾದ ನಿಲ್ದಾಣಕ್ಕಾಗಿ ಅಗೆತ 2023ರಲ್ಲಿ ಆರಂಭವಾಗಿದೆ. ಅದೇ ಚೌಕದ ಅಂಚಿನಲ್ಲಿ ಮೆಟ್ರೋಗಾಗಿ ಮುಂಚಿತವಾಗಿ ನೆಲ ಪರೀಕ್ಷಿಸಿದಾಗಲೇ ಹೇಡ್ರಿಯನ್ ಚಕ್ರವರ್ತಿ ಕಟ್ಟಿಸಿದ ವಿದ್ಯಾಪೀಠವೆಂದು ಗುರುತಿಸಲಾದ ಸಭಾಂಗಣಗಳು ಬೆಳಕಿಗೆ ಬಂದಿದ್ದವು. ಮೆಟ್ಟಿಲುಮೆಟ್ಟಿಲಾದ ಆಸನಗಳ ಮೇಲೆ ಕುಳಿತು ಕವಿಗಳನ್ನೂ ವಾಗ್ಮಿಗಳನ್ನೂ ಕೇಳುತ್ತಿದ್ದ ಜಾಗ. ಈ ಬಾರಿ ನೆಲಮಾಳಿಗೆಗಳ ಗೋಡೆಗಳನ್ನು 85 ಮೀಟರ್ ಆಳದವರೆಗೆ ಇಳಿಸಬೇಕಾಗಿದೆ. ಯಂತ್ರಗಳ ಪಕ್ಕದಲ್ಲಿ, ಕೈಯಲ್ಲಿ ಸಣ್ಣ ಕರಣಿಯೂ ಕುಂಚವೂ ಹಿಡಿದ ಪ್ರಾಕ್ತನ ಶಾಸ್ತ್ರಜ್ಞರು ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕುಳಿತಿದ್ದಾರೆ.